ಇಳಿವಯಸ್ಸಿನ ಮದುವೆಯನ್ನು ಊರೊಟ್ಟಿಗೆ ನಡೆಸುವ ಬಗೆ

ಐವತ್ತು ದಾಟಿದವರ ಮದುವೆಯೆಂದರೆ ಗುಡಿಯಲ್ಲಿ ನಾಲ್ಕು ಜನರೆದುರು ತಾಳಿ ಕಟ್ಟಿ ಮುಗಿಸಿಬಿಡುವ ಕೆಲಸ ಎಂಬ ಭಾವನೆ ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದೆ. ಉಡಿಕೆಯ, ಅಂದರೆ ವಿಧವೆಯರ ಮರುಮದುವೆಯ, ರೂಢಿಯಿದ್ದ ಸಮುದಾಯಗಳಲ್ಲಿಯೂ ಅದು ಹಿಂದೆ ಬಹುಮಟ್ಟಿಗೆ ರಾತ್ರಿಯ ಹೊತ್ತು, ಬಾಜಾ ಬಜಂತ್ರಿಯಿಲ್ಲದೆ ನಡೆಯುತ್ತಿತ್ತು. ಹಂದರ ಹಾಕಿ, ಹಗಲಿನಲ್ಲಿಯೇ ಊರವರನ್ನು ಕರೆದು ಮದುವೆ ಮಾಡಬೇಕೆಂದುಕೊಂಡ ಕುಟುಂಬಗಳಿಗಾಗಿ ಈ ಬರಹ. ಊರು ಕೈಜೋಡಿಸುತ್ತದೆ, ಆದರೆ ಸುದ್ದಿ ಕಟ್ಟೆಯ ಮೇಲಿನ ಮಾತಾಗುವ ಮೊದಲೇ ನೀವಾಗಿ ಹೋಗಿ ಕೇಳಿರಬೇಕು.

ಮೊದಲು ಕೇಳಬೇಕಾದದ್ದು ಎರಡೂ ಕಡೆಯ ಮಕ್ಕಳನ್ನು. ‘ಜನ ಏನಂತಾರ’ ಎಂಬ ಅವರ ಆಕ್ಷೇಪದ ಹಿಂದೆ ಬಹಳ ಸಲ ಹೊಲ ಮನೆಯ ಚಿಂತೆಯೇ ಇರುತ್ತದೆ, ಅದು ತಪ್ಪೂ ಅಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಿಗೂ ಸಮಪಾಲು ಬರುತ್ತದೆ. ಹೆಂಡತಿಯ ಮೊದಲ ಗಂಡನ ಮಕ್ಕಳಿಗೆ ಅದರಲ್ಲಿ ಹಕ್ಕಿರುವುದಿಲ್ಲ. ಹಾಗೆಯೇ ಮೊದಲ ಗಂಡನಿಂದ ಆಕೆಗೆ ಈಗಾಗಲೇ ಬಂದಿರುವ ಪಾಲು ಮರುಮದುವೆಯಾದ ಮಾತ್ರಕ್ಕೆ ಕೈಬಿಟ್ಟು ಹೋಗುವುದಿಲ್ಲ. ಆದ್ದರಿಂದ ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆಯೇ ಇಬ್ಬರೂ ತಮ್ಮ ತಮ್ಮ ಉಯಿಲು ಬರೆದು, ಆಸ್ತಿಯಲ್ಲಿ ಪಾಲು ಪಡೆಯದ ಇಬ್ಬರ ಸಾಕ್ಷಿ ಹಾಕಿಸಿ, ಸಾಧ್ಯವಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಬಿಡುವುದು ಒಳ್ಳೆಯದು. ವಿಧವಾ ವೇತನ ಮರುಮದುವೆಯಾದವರಿಗೆ ಸಲ್ಲುವುದಿಲ್ಲ. ಮೊದಲ ಗಂಡನ ನೌಕರಿಯಿಂದ ಕುಟುಂಬ ಪಿಂಚಣಿ ಬರುತ್ತಿದ್ದರೆ ಅದು ನಿಲ್ಲಬಹುದಾದ್ದರಿಂದ ಸಂಬಂಧಪಟ್ಟ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು.

ಮಕ್ಕಳು ಒಪ್ಪಿದ ಮೇಲೆ ಎಲೆ ಅಡಿಕೆ ಹಿಡಿದು ಊರಿನ ದೈವದವರ, ಅಂದರೆ ಹಿರಿಯರ, ಬಳಿಗೆ ಹೋಗಬೇಕು. ಮಗನೋ ಮಗಳೋ ಜೊತೆಗಿದ್ದು ‘ನಮ್ಮಪ್ಪನ ಮದುವಿ ಐತಿ, ನೀವ ನಿಂತು ಮಾಡಿಕೊಡ್ರಿ’ ಎಂದರೆ ಅರ್ಧ ಕುಹಕ ಅಲ್ಲಿಗೇ ನಿಲ್ಲುತ್ತದೆ.

ದಿನ ಗೊತ್ತುಮಾಡುವಾಗ ಪಂಚಾಂಗದ ಜೊತೆಗೆ ಹೊಲವನ್ನೂ ನೋಡಬೇಕು. ಯಲಬುರ್ಗಾ, ಕುಕನೂರು ಕಡೆಯ ಎರೆಭೂಮಿಯಲ್ಲಿ ಹಿಂಗಾರು ಜೋಳದ ಸುಗ್ಗಿ ಮುಗಿಯುವ ತನಕ ಯಾರಿಗೂ ಪುರುಸೊತ್ತಿರುವುದಿಲ್ಲ. ಗಂಗಾವತಿ, ಕಾರಟಗಿ ಕಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆದಿರುವಾಗ ಆಳುಗಳು ಸಿಗುವುದಿಲ್ಲ. ದುಡಿಯಲು ಗುಳೆ ಹೋದವರು ಊರಿಗೆ ಮರಳುವುದು ಯುಗಾದಿಗೆ ಇಲ್ಲವೆ ಊರ ಜಾತ್ರೆಗೆ, ಆದ್ದರಿಂದ ಅದರ ಆಚೀಚಿನ ದಿನ ಅನುಕೂಲ. ಯುಗಾದಿಯ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಹೀಗಾಗಿ ಅಕ್ಕಿಕಾಳನ್ನು, ಅಂದರೆ ಅಕ್ಷತೆ ಹಾಕುವ ಶಾಸ್ತ್ರವನ್ನು, ಬೆಳಗಿನ ಒಂಬತ್ತರೊಳಗೆ ಮುಗಿಸಬೇಕು, ನೆಲಕ್ಕೆ ಕೂರಲಾಗದವರಿಗೆ ಕುರ್ಚಿ ಹಾಕಬೇಕು. ಮದುಮಕ್ಕಳಿಗೂ ಕುರ್ಚಿಯೇ ಇರಲಿ. ಮೊಣಕಾಲು ನೋವಿನವರನ್ನು ಮಣೆಯ ಮೇಲೆ ಎರಡು ತಾಸು ಕೂರಿಸುವುದರಲ್ಲಿ ಯಾವ ಶಾಸ್ತ್ರವೂ ಇಲ್ಲ.

ಅಡುಗೆಯ ವಿಷಯದಲ್ಲಿ ನಮ್ಮ ಊರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳು ಮನೆಮನೆಯಲ್ಲಿ ರೊಟ್ಟಿ ಬಡಿದು, ಮಾದಲಿ ಮಾಡಿ ಕಳಿಸುವ ಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು. ನಲವತ್ತು ಮನೆಗಳಿಗೆ ಹಿಟ್ಟು ಹಂಚಿ, ಮನೆಗೆ ಇಪ್ಪತ್ತೈದರಂತೆ ಕೇಳಿಕೊಂಡರೆ ಸಾವಿರ ಕಟಕ್ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ಜೋಳದ ರೊಟ್ಟಿ, ಆಗುತ್ತವೆ. ಅವು ಕೆಡುವುದಿಲ್ಲವಾದ್ದರಿಂದ ನಾಲ್ಕು ದಿನ ಮೊದಲೇ ಮಾಡಿಟ್ಟುಕೊಳ್ಳಬಹುದು. ಹಿಟ್ಟು ಮಾತ್ರ ನಿಮ್ಮದೇ ಇರಬೇಕು, ಬಡವರ ಮನೆಯ ಜೋಳವನ್ನು ಕೇಳಬಾರದು. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಅನ್ನ ಸಾರನ್ನು ಅಂದೇ ಊರಿನವರು ಕೂಡಿ ಮಾಡಲಿ. ಸಿಹಿಗೆ ಗೋಧಿ ಹುಗ್ಗಿ ಸಾಕು. ಸಕ್ಕರೆ ಕಾಯಿಲೆಯವರೇ ಹೆಚ್ಚಾಗಿ ಸೇರುವ ಪಂಕ್ತಿಗೆ ಮೂರು ಬಗೆಯ ಸಿಹಿ ಬಡಿಸುವುದು ಉಪಚಾರವೇನಲ್ಲ.

ಹೆಚ್ಚು ಯೋಚಿಸಬೇಕಾದದ್ದು ಅರಿಶಿನ ಹಚ್ಚುವ ಶಾಸ್ತ್ರದ ಬಗ್ಗೆ. ಮದುಮಗಳು ಹತ್ತಾರು ವರ್ಷ ವಿಧವೆಯಾಗಿ ಬಾಳಿದವಳಾಗಿದ್ದರೆ, ಆಕೆಯ ಜೊತೆ ಕಳೆ ಕಿತ್ತ, ಕಷ್ಟಕ್ಕೆ ಅಕ್ಕಿ ಬೇಳೆ ಕೊಟ್ಟ ಗೆಳತಿಯರಲ್ಲಿ ಹಲವರು ವಿಧವೆಯರೇ ಆಗಿರುತ್ತಾರೆ. ‘ಐದು ಜನ ಮುತ್ತೈದೆಯರು ಬರ್ರಿ’ ಎಂದು ಕೂಗಿದ ಕ್ಷಣವೇ ಅವರು ಹಂದರದ ಕಂಬಕ್ಕೆ ಸರಿದು ನಿಲ್ಲುತ್ತಾರೆ. ಕರೆದರೂ ಅಂದು ಮುಂದೆ ಬರುವುದು ಕಷ್ಟವಾದ್ದರಿಂದ, ಹಿಂದಿನ ದಿನವೇ ಮನೆಗೆ ಹೋಗಿ ‘ಸುರಗಿ ಸುತ್ತಾಕ ನೀ ಇರಬೇಕವಾ’ ಎಂದು ಸುರಗಿಗೆ, ಅಂದರೆ ಮದುಮಕ್ಕಳ ಸುತ್ತ ತಂಬಿಗೆಗಳನ್ನಿಟ್ಟು ನೂಲು ಸುತ್ತುವ ಶಾಸ್ತ್ರಕ್ಕೆ, ಒಪ್ಪಿಸಬೇಕು. ಮೊದಲ ಅರಿಶಿನ, ಮೊದಲ ಆರತಿ ಅವರಿಂದಲೇ ಆಗಲಿ. ಪುರೋಹಿತರಿಗೋ ಅಯ್ಯನವರಿಗೋ ಇದನ್ನು ಮುಂಚಿತವಾಗಿ ತಿಳಿಸಬೇಕು, ಒಪ್ಪದಿದ್ದರೆ ಬೇರೆಯವರನ್ನು ಕರೆಯಬೇಕು. ತೀರಿಕೊಂಡ ಗಂಡ ಹೆಂಡಿರ ಫೋಟೋಗಳಿಗೆ ಹೂವು ಏರಿಸಿ ಶಾಸ್ತ್ರ ಆರಂಭಿಸಿದರೆ ಮಕ್ಕಳ ಮನಸ್ಸೂ ಹಗುರವಾಗುತ್ತದೆ.

ಮೆರವಣಿಗೆಗೆ ಡಿಜೆ ಬೇಡ. ಊರಿನ ಭಜನಾ ಮಂಡಳಿ ಅಥವಾ ಡೊಳ್ಳಿನವರು ಸಾಕು. ಆಯೇರಿಯ, ಅಂದರೆ ಉಡುಗೊರೆಯ, ಸೀರೆ ಧೋತರ ಬೇಡವೆಂದು ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸುವುದು ಒಳ್ಳೆಯದು, ಏಕೆಂದರೆ ಇದನ್ನು ತಿರುಗಿ ಮಾಡುವ ಭಾರ ಇಳಿವಯಸ್ಸಿನವರ ಮೇಲೆ ಬೀಳುತ್ತದೆ.

ಮದುವೆಯ ನಂತರ ತಡಮಾಡದೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ವಯಸ್ಸು, ವಿಳಾಸದ ದಾಖಲೆ, ಮದುವೆಯ ಫೋಟೋ, ಸಾಕ್ಷಿದಾರರ ಜೊತೆಗೆ ಮೊದಲ ಸಂಗಾತಿಯ ಮರಣ ಪ್ರಮಾಣಪತ್ರವನ್ನೋ ವಿಚ್ಛೇದನದ ಆದೇಶವನ್ನೋ ಒಯ್ಯಬೇಕಾಗುತ್ತದೆ. ಇಬ್ಬರೂ ಬೇರೆ ಬೇರೆ ಧರ್ಮದವರಾಗಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವುದಾದರೆ 30 ದಿನಗಳ ನೋಟಿಸ್ ಅವಧಿ ಇರುವುದರಿಂದ ಆ ಕೆಲಸ ಮದುವೆಗೆ ಮೊದಲೇ ಶುರುವಾಗಬೇಕು. ಊರಿನಿಂದ ತಂದ ಕೊಪ್ಪರಿಗೆ, ಜಮಖಾನೆಗಳನ್ನು ಮೂರನೆಯ ದಿನದೊಳಗೆ ತೊಳೆದು ಎಣಿಸಿ ಹಿಂದಿರುಗಿಸಿ, ಖರ್ಚಿನ ಲೆಕ್ಕವನ್ನು ಕೈಜೋಡಿಸಿದವರೆದುರು ಓದಿ, ಉಳಿದ ರೊಟ್ಟಿಯನ್ನು ಬಡಿದವರ ಮನೆಗಳಿಗೇ ಮೊದಲು ಹಂಚಬೇಕು.