‘ಆತ್ರಿ ಸರ್’ ಅಂದ್ರೆ ಆಗಿದ್ಯಾ, ಆಗುತ್ತಾ?

ನಮ್ದು ಚಿಕ್ಕ ಕಂಪನಿ. ಬೆಳಗಾವಿ ಉದ್ಯಮಬಾಗ್‌ನಲ್ಲಿ ಫೌಂಡ್ರಿ, ಬೆಂಗಳೂರು ಪೀಣ್ಯದಲ್ಲಿ ಮಷೀನ್ ಶಾಪ್, ಹೊಸೂರಲ್ಲಿ ಕಸ್ಟಮರ್ ಗೇಟ್ ಹತ್ರ ಓಡಾಡ್ಕೊಂಡಿರೋ ನಮ್ಮ ಹುಡುಗ ಒಬ್ಬ. ಬೆಳಗಾವೀಲಿ ಎರಕ ಹೊಯ್ದು ಲಾರಿಗೆ ಹಾಕ್ತಾರೆ, ಹತ್ತತ್ರ 500 ಕಿಲೋಮೀಟರ್ ದಾಟಿ ನಮ್ಮತ್ರ ಬರುತ್ತೆ, ನಾವು ಬೋರ್ ಹೊಡ್ದು, ಅಂದ್ರೆ ಒಳಗಿನ ತೂತನ್ನ ಅಳತೆಗೆ ಕೊರೆದು, ಡ್ರಿಲ್ ಮಾಡಿ ಹೊಸೂರಿಗೆ ಕಳಿಸ್ತೀವಿ. ನಾನು ಪೀಣ್ಯದಲ್ಲಿ ಪ್ಲಾನಿಂಗ್ ನೋಡ್ಕೊಳ್ಳೋನು, ಅಂದ್ರೆ ಮೂರೂ ಕಡೆಯಿಂದ ಬೈಸ್ಕೊಳ್ಳೋನು.

ಒಂದ್ಸಲ ಒಂದು ಬೇರಿಂಗ್ ಹೌಸಿಂಗ್‌ದು ಬೋರ್ ಕ್ಲೀನ್ ಆಗ್ತಿರ್ಲಿಲ್ಲ, ಅಲ್ಲಲ್ಲಿ ಎರಕದ ಕಪ್ಪು ಹಾಗೇ ಉಳೀತಿತ್ತು, ಅದಕ್ಕೆ ಒಳಗಡೆ ಇನ್ನೊಂದು ಎಂಎಂ ಮೆಟಲ್ ಜಾಸ್ತಿ ಬಿಡಿ, ಕೋರ್ ಬಾಕ್ಸ್ (ಒಳಗಿನ ತೂತಿಗೆ ಇಡೋ ಮರಳಿನ ಕೋರ್ ಮಾಡೋ ಅಚ್ಚು) ಸಣ್ಣ ಮಾಡಿಸ್ಬೇಕು ಅಂತ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಲ್ಲಿ ಬರೆದು ಫೋಟೋ ಹೊಡ್ದು ವಾಟ್ಸಾಪ್ ಮಾಡಿದೆ. ಎರಡೇ ನಿಮಿಷಕ್ಕೆ ಬೆಳಗಾವಿ ಸೂಪರ್‌ವೈಸರ್ ಉತ್ತರ: ‘ಆತ್ರಿ ಸರ್’. ನಾನು ಮಾರನೇ ವಾರ ಕೇಳಿದಾಗ್ಲೂ ‘ಆತ್ರಿ’. ಸರಿ ಆಗಿದೆ ಅಂತ ನಾನು ಸುಮ್ನಾದೆ. ಲಾರಿ ಬಂತು, 160 ಪೀಸ್, ಅಷ್ಟೂ ಹಳೇ ಕೋರ್‌ದು. ಅಷ್ಟನ್ನೂ ವಾಪಸ್ ಕಳಿಸಿ ಫರ್ನೇಸ್‌ಗೆ ಹಾಕಿ ಮತ್ತೆ ಕರಗಿಸಿದ್ರು, ಹೋಗಿ ಬರೋ ಲಾರಿ ಬಾಡಿಗೆ ಬೇರೆ. ಫೋನಲ್ಲಿ ಕೂಗಾಡಿದ್ದಕ್ಕೆ ಆ ಮನುಷ್ಯ ತಣ್ಣಗೆ ಹೇಳ್ದ, “ನೀವು ಹೇಳಿದ್ದು ತಿಳೀತು ಅಂತ ಆತ್ರಿ ಅಂದೆ ಸರ್, ಮಾಡೀನಿ ಅಂತ ಎಲ್ಲಿ ಅಂದೀನ್ರಿ?”

ಯೋಚ್ನೆ ಮಾಡಿದ್ರೆ ಅವನದ್ದೇನೂ ತಪ್ಪಿಲ್ಲ. ನಮ್ಮ ಕನ್ನಡದಲ್ಲಿ ‘ಆಯ್ತು’ ಅಂದ್ರೆ ಕೇಳಿಸ್ತು, ಒಪ್ಪಿದೆ, ಮಾಡ್ತೀನಿ, ಮುಗೀತು, ಮಾತು ಸಾಕು ಫೋನ್ ಇಡು ಅಂತ ಎಲ್ಲಾ ಅರ್ಥನೂ ಇದೆ. ಎದುರುಗಡೆ ಇದ್ರೆ ಮುಖ ನೋಡಿ ಯಾವ ಆಯ್ತು ಅಂತ ಗೊತ್ತಾಗುತ್ತೆ, ಫೋನ್ ಸ್ಕ್ರೀನ್‌ಗೆ ಮುಖ ಎಲ್ಲಿದೆ.

ಇಷ್ಟೇ ಅಲ್ಲ, ಊರಿಂದ ಊರಿಗೆ ಮಾತೂ ಬೇರೆ. ಬೆಳಗಾವಿಯಿಂದ ‘ಲಾರಿ ಕಳಿಸೀನ್ರಿ’ ಅಂತ ಬಂದ್ರೆ ಕಳಿಸಿದೀನಿ, ಹೊರಟಾಯ್ತು ಅಂತ. ನಮ್ಮ ಡಿಸ್ಪ್ಯಾಚ್ ಹುಡುಗಿ ಮಂಡ್ಯದೋಳು, ಅವಳು ಅದನ್ನ ಕಳಿಸ್ತೀನಿ ಅಂತ ಓದ್ಕೊಂಡು ಆರಾಮಾಗಿ ಮನೆಗೆ ಹೋಗಿದ್ಲು. ಬೆಳಗಿನ ಜಾವ ನಾಲ್ಕಕ್ಕೆ ಲಾರಿ ಗೇಟ್ ಮುಂದೆ ನಿಂತಿದೆ, ಇಳಿಸೋರು ಯಾರೂ ಇಲ್ಲ!

ಮೊದಲು ಎಲ್ರೂ ಮಾಡೋದನ್ನೇ ನಾನೂ ಮಾಡ್ದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೋ ಮೀಟಿಂಗ್ ಇಟ್ಟೆ. ಅಲ್ಲಿಯವರು ಕ್ಯಾಮೆರಾ ಆಫ್ ಮಾಡ್ಕೊಂಡು ‘ಹೂನ್ರಿ’ ‘ಹೂನ್ರಿ’ ಅಂತಿದ್ರು. ಆಸಕ್ತಿನೇ ಇಲ್ಲ ಇವ್ರಿಗೆ ಅನ್ಕೊಂಡಿದ್ದೆ. ಗೂಗಲ್ ಶೀಟ್ ಮಾಡಿದೆ, ಬಣ್ಣ ಬಣ್ಣದ್ದು, ಮೂರು ವಾರ ಆದ್ಮೇಲೆ ಅದನ್ನ ತುಂಬ್ತಿದ್ದೋನು ನಾನೊಬ್ಬನೇ. ಗ್ರೂಪಲ್ಲಂತೂ 40 ಜನ, ಗುಡ್ ಮಾರ್ನಿಂಗ್ ಹೂವಿನ ಮಧ್ಯೆ ಡ್ರಾಯಿಂಗ್ ಹುಡುಕ್ಬೇಕು.

ಕೊನೆಗೆ ರಾಣಿ ಚೆನ್ನಮ್ಮ ಟ್ರೈನ್ ಹತ್ತಿ ಬೆಳಗಾವಿಗೆ ಹೋಗಿ ನಾಲ್ಕು ದಿನ ಫೌಂಡ್ರೀಲೇ ಕೂತೆ. ಅಲ್ಲಿ ಗೊತ್ತಾಯ್ತು, ರಾತ್ರಿ ಕರೆಂಟ್ ರೇಟ್ ಕಮ್ಮಿ ಅಂತ ಮೆಲ್ಟಿಂಗ್ ಎಲ್ಲಾ ರಾತ್ರಿನೇ. ನನ್ನ ಹತ್ತು ಗಂಟೆ ಮೀಟಿಂಗ್‌ಗೆ ಸೂಪರ್‌ವೈಸರ್ ರಾತ್ರಿ ಪಾಳಿ ಮುಗ್ಸಿ ನಿದ್ದೆಯಿಂದ ಎದ್ದು ಕೂರ್ತಿದ್ದ ಪಾಪ. ಕರಗಿದ ಮೆಟಲ್ ಲ್ಯಾಡಲ್‌ಗೆ (ಹೊಯ್ಯೋ ಪಾತ್ರೆಗೆ) ಇಳಿದ್ಮೇಲೆ ತಣ್ಣಗಾಗೋದ್ರೊಳಗೆ ಹೊಯ್ದು ಮುಗಿಸ್ಬೇಕು, ಆ ಹೊತ್ತಲ್ಲಿ ಯಾರ ಫೋನನ್ನೂ ಯಾರೂ ಎತ್ತಲ್ಲ, ಮಾಲೀಕರದ್ದೂ ಎತ್ತಲ್ಲ. ನಾನು ಮಾತ್ರ ಬೇಕಂತಲೇ ಕಟ್ ಮಾಡ್ತಾನೆ ಅಂತ ಎರಡು ವರ್ಷ ಉರ್ಕೊಂಡಿದ್ದೆ. ಇನ್ನೊಂದು, ಮೋಲ್ಡಿಂಗ್ ಮಾಡೋರಲ್ಲಿ ಅರ್ಧ ಜನ ಮನೇಲಿ ಮರಾಠಿ ಮಾತಾಡೋರು, ಕೆಲವರು ಒಡಿಶಾದೋರು, ನನ್ನ ಇಂಗ್ಲಿಷ್ ಮೆಸೇಜು ಅವರ ಹತ್ರ ಹೋಗೋ ಹೊತ್ತಿಗೆ ಮೂರು ಭಾಷೆ ದಾಟಿರುತ್ತೆ.

ವಾಪಸ್ ಬರೋವಾಗ ಅಲ್ಲಿನ ಪ್ಯಾಟರ್ನ್ ಮೇಸ್ತ್ರಿನೂ (ಅಚ್ಚಿನ ಮಾದರಿ ಮಾಡೋರು) ಜೊತೇಲಿ ಕರ್ಕೊಂಡು ಬಂದೆ. ಇಪ್ಪತ್ತು ವರ್ಷದಿಂದ ಎರಕ ಕಳಿಸ್ತಿದ್ದೋರು ಅದು ಮಷೀನ್ ಮೇಲೆ ಕೂರೋದನ್ನ ಒಂದ್ಸಲನೂ ನೋಡಿರ್ಲಿಲ್ಲ. ಕುಂದಾ ಡಬ್ಬ ನನ್ ಕೈಗಿಟ್ಟು ನೇರ ಬೋರಿಂಗ್ ನಡೀತಿದ್ದಲ್ಲಿ ಹೋಗಿ ನಿಂತ್ರು, ಬೋರ್ ಒಳಗೆ ಬೆರಳಾಡ್ಸಿ ಆ ಕಪ್ಪು ಮುಟ್ಟಿ ನೋಡಿ, “ಇಷ್ಟರಾಗ ಎಲ್ಲಿ ಕ್ಲೀನ್ ಆಗ್ತೈತ್ರಿ” ಅಂದ್ರು. ನಾನು ಆರು ತಿಂಗಳು ಮೆಸೇಜಲ್ಲಿ ಬಡ್ಕೊಂಡಿದ್ದು ಅದನ್ನೇ! ಆಮೇಲಿಂದ ಹೊಸ ಪೀಸ್ ಬಂದ್ರೆ ಅವರೇ ಮೊದಲು ಫೋನ್ ಮಾಡಿ ಒಳಗೆ ಎಷ್ಟು ಬಿಡ್ಲಿ ಅಂತ ಕೇಳ್ತಾರೆ. ನನ್ನ ಲೆಕ್ಕದಲ್ಲಿ ಆ ಒಂದು ಟ್ರೈನ್ ಟಿಕೆಟ್ಟಿಗಾದಷ್ಟು ಕೆಲ್ಸ ಬೇರೆ ಯಾವ ಆ್ಯಪಿಗೂ ಆಗಿಲ್ಲ.

ಉಳಿದಿದ್ದೆಲ್ಲ ಸಣ್ಣ ಸಣ್ಣದು. ಮೀಟಿಂಗ್ ತೆಗೆದು ದಿನಾ ಸಂಜೆ ಆರಕ್ಕೆ, ಮೆಲ್ಟಿಂಗ್ ಶುರು ಆಗೋ ಮುಂಚೆ, ಹತ್ತು ನಿಮಿಷ ಫೋನ್. ಇವತ್ತು ಏನು ಹೊಯ್ತೀರಿ, ಏನು ತೊಂದ್ರೆ ಇದೆ, ನಮ್ಮಿಂದ ಏನು ಬೇಕು, ಅಷ್ಟೇ. ಡ್ರಾಯಿಂಗ್ ಫೋಟೋ ತರ ಕಳಿಸಿದ್ರೆ ವಾಟ್ಸಾಪ್ ಅದನ್ನ ಕುಗ್ಗಿಸಿ 3 ಯಾವ್ದು 8 ಯಾವ್ದು ಗೊತ್ತಾಗಲ್ಲ, ಈಗ ಡಾಕ್ಯುಮೆಂಟ್ ಆಗೇ ಕಳಿಸ್ತೀವಿ. ಟೈಪ್ ಮಾಡಕ್ಕೆ ಬರ್ದೋರು ವಾಯ್ಸ್ ಕಳಿಸ್ಲಿ ಅಂದ್ವಿ, ಆದ್ರೆ ತಿಂಗಳಾದ್ಮೇಲೆ ವಾಯ್ಸ್ ಹುಡುಕಕ್ಕೆ ಆಗಲ್ಲ, ಹಾಗಾಗಿ ಕೆಳಗೆ ಪಾರ್ಟ್ ನಂಬರ್ ಒಂದು ಹಾಕ್ಲೇಬೇಕು. ‘ಆಯ್ತು’ ‘ಆತ್ರಿ’ ಎರಡೂ ಗ್ರೂಪಲ್ಲಿ ನಿಷೇಧ: ಓದಿದ್ರೆ ‘ನೋಡಿದೆ’, ಮಾಡೋದಿದ್ರೆ ಯಾವ ದಿನ ಅಂತ, ಮುಗಿದಿದ್ರೆ ‘ಮುಗೀತು’ ಜೊತೆಗೆ ಒಂದು ಫೋಟೋ. ಮೊದಲ ವಾರ ಎಲ್ರೂ ನಕ್ಕರು, ನಾನೇ ಎರಡು ಸಲ ಆಯ್ತು ಅಂತ ಹಾಕಿ ಎಲ್ರಿಗೂ ಚಹಾ ಕೊಡಿಸ್ಬೇಕಾಯ್ತು.

ನನ್ನ ತಪ್ಪೂ ಹೇಳ್ಬಿಡ್ತೀನಿ. ಒಂದ್ಸಲ ಕೋರ್ ಒಡೆದ ವಿಷ್ಯ ಒಬ್ಬ ಹುಡುಗ ಗ್ರೂಪಲ್ಲಿ ಹಾಕಿದ್ದಕ್ಕೆ ಅಲ್ಲೇ ಎಲ್ರೆದುರು ಉಗಿದ್ಬಿಟ್ಟೆ. ಅದಾಗಿ ಮೂರು ವಾರ ಗ್ರೂಪಲ್ಲಿ ಒಂದೂ ಕೆಟ್ಟ ಸುದ್ದಿ ಇಲ್ಲ, ಎಲ್ಲಾ ಚೆನ್ನಾಗಿದೆ ಅನ್ಕೊಂಡೆ, ನೋಡಿದ್ರೆ ಸ್ಟೋರಲ್ಲಿ ಒಡೆದ ಪೀಸ್ ರಾಶಿ ಬಿದ್ದಿದೆ. ಈಗ ಬೈಯೋದಿದ್ರೆ ಫೋನ್ ಮಾಡಿ ಒಬ್ಬರಿಗೇ ಬೈತೀನಿ, ಅದೂ ಊಟ ಆದ್ಮೇಲೆ.

ಹೊಸೂರ್ ಹುಡುಗ ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ಅವನು ತಮಿಳಿನೋನು, ಕನ್ನಡ ಮಾತಾಡ್ತಾನೆ, ಓದಕ್ಕೆ ಕಷ್ಟ, ಅದಕ್ಕೆ ನಾನು ಏನು ಕಳಿಸಿದ್ರೂ ಒಂದು ಹೆಬ್ಬೆಟ್ಟು ಒತ್ತಿ ಸುಮ್ನಾಗ್ತಾನೆ. ನಿನ್ನೆ ‘ಲೋಡ್ ತಲುಪ್ತಾ?’ ಅಂತ ಕೇಳಿದೆ, ಹೆಬ್ಬೆಟ್ಟು ಬಂತು. ಫೋನ್ ಮಾಡಿದ್ರೆ ಲಾರಿ ಇನ್ನೂ ಅತ್ತಿಬೆಲೆ ಟೋಲಲ್ಲಿದೆ.