ನಮ್ಮ ಕ್ಲಬ್‌ಗೆ ಕೋಚ್ ಹುಡುಕಿದ್ದು ಹೀಗೆ

ನಮ್ಮದು ಬೆಂಗಳೂರಿನ ಲೀಗ್‌ನಲ್ಲಿ ಆಡುವ ಸಣ್ಣ ಫುಟ್‌ಬಾಲ್ ಕ್ಲಬ್. ಹಳೇ ಕೋಚ್‌ಗೆ ಕೇರಳದಲ್ಲಿ ಒಳ್ಳೇ ಕೆಲಸ ಸಿಕ್ಕಿತು, ಹೊರಟರು. ಅವರ ಜಾಗಕ್ಕೆ ಯಾರು ಅಂತ ನೋಡುವ ಕೆಲಸ ನನ್ನ ತಲೆಗೆ ಬಂತು, ಯಾಕಂದ್ರೆ ಕಮಿಟಿಯಲ್ಲಿ ಬೇರೆ ಯಾರೂ ಕೈ ಎತ್ತಲಿಲ್ಲ. ಅವತ್ತೇ ಹೆಸರುಗಳು ಬರತೊಡಗಿದವು. ಒಬ್ಬರಿಗೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಆಡಿದವರೇ ಬೇಕು. ಇನ್ನೊಬ್ಬರಿಗೆ ದೊಡ್ಡ ಕೋಚಿಂಗ್ ಲೈಸೆನ್ಸ್ ಇರಬೇಕು. ಮತ್ತೊಬ್ಬರಿಗೆ ತಮ್ಮ ಷಡ್ಡಕ ಆದ್ರೆ ಸಾಕು.

ನಾನು ಒಂದು ಹೆಸರನ್ನೂ ಬರೆದುಕೊಳ್ಳಲಿಲ್ಲ. ನಮ್ಮ ಹತ್ರ ಏನಿದೆ ಅನ್ನೋದನ್ನು ಮೊದಲು ಬರೆದೆ. ವಾರಕ್ಕೆ ಮೂರು ದಿನ ಬಾಡಿಗೆ ಟರ್ಫ್, ಅದೂ ಬೆಳಗ್ಗೆ ಆರರಿಂದ ಏಳೂವರೆವರೆಗೆ ಮಾತ್ರ. ಹುಡುಗರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಹೋಗುವವರು, ರಾತ್ರಿ ಹನ್ನೆರಡರವರೆಗೆ ಊಟ ಡೆಲಿವರಿ ಮಾಡಿ ಬೆಳಗ್ಗೆ ಬೂಟು ಕಟ್ಟುವವರೂ ಇದ್ದಾರೆ. ಎರಡೂ ವಿಂಗ್‌ನಲ್ಲಿ ವೇಗ ಇದೆ, ಎತ್ತರದ ಸ್ಟ್ರೈಕರ್ ಇಲ್ಲ, ತರೋಕೆ ದುಡ್ಡೂ ಇಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ತಮಿಳು, ಕನ್ನಡ, ಮಲಯಾಳಂ, ಜೊತೆಗೆ ಮಣಿಪುರದ ಇಬ್ಬರು. ಇಂಥ ತಂಡಕ್ಕೆ ಬಂದು 'ಮೊದಲು ನನಗೆ ನಾಲ್ಕು ಒಳ್ಳೇ ಆಟಗಾರರನ್ನು ಕೊಡಿಸಿ' ಅನ್ನುವವರು ಎಷ್ಟೇ ದೊಡ್ಡವರಾದ್ರೂ ನಮಗೆ ಆಗಿಬರಲ್ಲ.

ಕೊನೆಗೆ ಮೂವರು ಉಳಿದರು. ಮೊದಲನೆಯವರು ಹಿಂದಿನ ವರ್ಷ ತಮ್ಮ ತಂಡಕ್ಕೆ ಕಪ್ ಗೆಲ್ಲಿಸಿದವರು. ಎರಡನೆಯವರ ಹತ್ರ ಏಷ್ಯಾದ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಎ ಲೈಸೆನ್ಸ್ ಇತ್ತು. ಡಿ, ಸಿ, ಬಿ, ಎ, ಆಮೇಲೆ ಪ್ರೊ ಅಂತ ಮೇಲಕ್ಕೆ ಹೋಗುವ ಈ ಏಣಿಯಲ್ಲಿ ಅದು ಸಣ್ಣ ಮಾತಲ್ಲ. ಮೂರನೆಯವರದು ಸಿ ಲೈಸೆನ್ಸ್, ಅವರ ತಂಡ ಅಂಕಪಟ್ಟಿಯ ನಡುವೆ ಎಲ್ಲೋ ಮುಗಿಸಿತ್ತು.

ಕಮಿಟಿಯಲ್ಲಿ ಎಲ್ಲರೂ ನೋಡಿದ್ದು ಆ ಅಂಕಪಟ್ಟಿಯನ್ನೇ. ನಾನು ಜರ್ಮನಿಯ ಕೋಚ್ ಯೂರ್ಗನ್ ಕ್ಲಾಪ್ ಕಥೆ ಹೇಳಿದೆ. 2014-15ರಲ್ಲಿ ಅವರ ಡಾರ್ಟ್‌ಮಂಡ್ ತಂಡ ಫೆಬ್ರವರಿ ಹೊತ್ತಿಗೆ ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲೀಗಾದ ಕೊನೆಯ ಸ್ಥಾನಕ್ಕೆ ಇಳಿದಿತ್ತು, ಹೇಗೋ ಏಳನೆಯದಾಗಿ ಮುಗಿಸಿತು. ಕ್ಲಾಪ್ ಕಾಲ ಮುಗೀತು ಅಂದವರೇ ಜಾಸ್ತಿ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಲ್ಲಿ ಅಂಕಿ ಅಂಶ ನೋಡುತ್ತಿದ್ದ ಇಯಾನ್ ಗ್ರಹಾಂ ಮಾತ್ರ ಸೋಲು ಗೆಲುವು ಬಿಟ್ಟು, ಆ ತಂಡ ಎಷ್ಟು ಅವಕಾಶ ಹುಟ್ಟಿಸಿತು, ಎದುರಾಳಿಗೆ ಎಷ್ಟು ಬಿಟ್ಟುಕೊಟ್ಟಿತು ಅಂತ ಲೆಕ್ಕ ಹಾಕಿದರು. ಆಟ ಕೆಟ್ಟಿರಲಿಲ್ಲ, ಅದೃಷ್ಟ ಕೆಟ್ಟಿತ್ತು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದರು. 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್, 2020ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದರು.

ನಮ್ಮ ಹತ್ರ ಅಂಥ ಲೆಕ್ಕ ಎಲ್ಲಿಂದ ಬರಬೇಕು? ಆದ್ರೆ ಈಗ ಪ್ರತಿ ಪಂದ್ಯವನ್ನೂ ಯಾರೋ ಒಬ್ಬರು ಫೋನ್‌ನಲ್ಲಿ ಹಿಡಿದಿರ್ತಾರೆ, ಅಲ್ವಾ? ಮೂವರ ತಂಡಗಳ ವಿಡಿಯೋ ಕೇಳಿ ತರಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಕೂತೆ. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗಿಂದ ಹೊಡೆದ ಶಾಟ್ ಎಷ್ಟು, ಎದುರಾಳಿ ಹೊಡೆದದ್ದು ಎಷ್ಟು, ಅರವತ್ತನೇ ನಿಮಿಷದ ಮೇಲೆ ಏನಾಗುತ್ತೆ. ಕಪ್ ಗೆದ್ದ ತಂಡದಲ್ಲಿ ಒಬ್ಬ ಸ್ಟ್ರೈಕರ್ ಇದ್ದ, ಅವನು ಎಲ್ಲಿಂದ ಹೊಡೆದರೂ ಗೋಲು. ಅವನನ್ನು ಬಿಟ್ಟು ನೋಡಿದರೆ ಮಾಮೂಲಿ ತಂಡ. ಮೂರನೆಯವರ ತಂಡ ಕೊನೆಯ ಅರ್ಧ ಗಂಟೆಯಲ್ಲಿ ಎದುರಾಳಿಗಿಂತ ಜಾಸ್ತಿ ಓಡುತ್ತಿತ್ತು, ಬಾಕ್ಸ್ ಒಳಗೆ ಪದೇ ಪದೇ ಹೋಗುತ್ತಿತ್ತು, ಗೋಲು ಮಾತ್ರ ಆಗುತ್ತಿರಲಿಲ್ಲ.

ಸಂದರ್ಶನ ಅಂತ ಕೂರಿಸಿ ಮಾತಾಡಿಸೋದರಲ್ಲಿ ನನಗೆ ನಂಬಿಕೆ ಕಮ್ಮಿ. ಮಾತು ಎಲ್ಲರಿಗೂ ಬರುತ್ತೆ. ಅದಕ್ಕೇ ಮೂವರಿಗೂ ಒಂದೊಂದು ಬೆಳಗ್ಗೆ ನಮ್ಮ ಹುಡುಗರನ್ನೇ ಒಪ್ಪಿಸಿದೆ.

ಎ ಲೈಸೆನ್ಸ್ ಸರ್ ಹಾಳೆಯಲ್ಲಿ ಚೆಂದದ ಪ್ಲ್ಯಾನ್ ತಂದಿದ್ದರು. ಕೋನ್ ಜೋಡಿಸೋದರಲ್ಲೇ ಹೊತ್ತು ಹೋಯಿತು, ಹುಡುಗರು ಸುಮ್ನೆ ನಿಂತು ಚಳಿಗೆ ಕೈ ಉಜ್ಜುತ್ತಿದ್ದರು. ಪ್ಲ್ಯಾನ್ ಇದ್ದದ್ದು ಹದಿನೆಂಟು ಜನಕ್ಕೆ, ಬಂದಿದ್ದು ಹದಿಮೂರು. ಅವರಿಗೆ ಅದು ಕೊನೆಯವರೆಗೂ ಕಿರಿಕಿರಿ.

ಮೂರನೆಯವರು ಬಂದ ದಿನ ಟರ್ಫಿನವರು ಅರ್ಧ ಮೈದಾನವನ್ನು ಇನ್ನಾರಿಗೋ ಕೊಟ್ಟುಬಿಟ್ಟಿದ್ದರು. ಅವರು ಒಂದು ಸಲ ಆ ಕಡೆ ನೋಡಿದರು, ತಂಡ ಗುರುತಿಸೋ ಬಣ್ಣದ ಬಿಬ್ ಹಂಚಿದರು, ಸಣ್ಣ ಜಾಗದಲ್ಲೇ ಐದೈದು ಜನರ ಆಟ ಶುರು, ಉಳಿದವರು ಗೆರೆ ಆಚೆ ನಿಂತು ಒಂದೇ ಟಚ್‌ನಲ್ಲಿ ಚೆಂಡು ವಾಪಸ್ ಕೊಡಬೇಕು. ನಮ್ಮ ಲೆಫ್ಟ್ ಬ್ಯಾಕ್ ಒಂದು ಪಾಸ್ ಕೆಡಿಸಿದ. ಸೀಟಿ ಊದಿ ಆಟ ನಿಲ್ಲಿಸಿದರು. ಬೈತಾರೆ ಅಂದುಕೊಂಡೆ. 'ಚೆಂಡು ಬರೋಕೆ ಮುಂಚೆ ಯಾರನ್ನ ನೋಡ್ದೆ?' ಅಂತ ಕೇಳಿದರು. ಅವನು 'ಯಾರನ್ನೂ ಇಲ್ಲ ಸರ್' ಅಂದ. 'ಸರಿ, ಈಗ ನೋಡು' ಅಂತ ಅದೇ ಪಾಸ್ ಮತ್ತೆ ಹಾಕಿಸಿದರು. ಇದನ್ನೇ ಮಣಿಪುರದ ಹುಡುಗನಿಗೆ ಮುರುಕು ಹಿಂದಿಯಲ್ಲಿ, ಕೈಸನ್ನೆಯಲ್ಲಿ ಹೇಳಿದ್ದೂ ನೋಡಿದೆ.

ಆಮೇಲೆ ಫೋನ್. ಕೋಚ್ ಕೊಟ್ಟ ನಂಬರ್‌ಗಳಿಗೆ ಮಾಡಿ ಏನೂ ಪ್ರಯೋಜನ ಇಲ್ಲ, ಅವರು ಹೊಗಳೋಕೇ ಇರೋದು. ಅವರು ಬೆಂಚ್‌ನಲ್ಲಿ ಕೂರಿಸಿದ ಹುಡುಗರಿಗೆ ಮಾಡಬೇಕು. ಕಪ್ ಗೆದ್ದವರ ಬಗ್ಗೆ ಒಬ್ಬ, 'ನನ್ನನ್ನ ಯಾಕೆ ಬಿಟ್ರು ಅಂತ ಇವತ್ತಿಗೂ ಗೊತ್ತಿಲ್ಲ ಅಣ್ಣ' ಅಂದ. ಮೂರನೆಯವರ ಹುಡುಗನೊಬ್ಬ ಸಿಟ್ಟಿನಲ್ಲೇ ಮಾತಾಡಿದ, ಆದ್ರೆ ತನ್ನನ್ನು ಬಿಟ್ಟ ಕಾರಣ ಅವನ ಬಾಯಲ್ಲಿ ಸ್ಪಷ್ಟವಾಗಿತ್ತು. ನನಗೆ ಅಷ್ಟು ಸಾಕಿತ್ತು.

ಹೆಸರಿಲ್ಲದವರನ್ನು ತಂದರೆ ಜನ ಏನಂತಾರೆ ಅಂತ ಕಮಿಟಿಯಲ್ಲಿ ಗೊಣಗಾಟ ಇದ್ದೇ ಇತ್ತು. ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಅದರ ಕೋಚ್ ಆಶ್ಲಿ ವೆಸ್ಟ್‌ವುಡ್ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆಲ್ಲಿಸಿದ ಕಾರ್ಲೆಸ್ ಕ್ವಾಡ್ರಾಟ್ ಅದಕ್ಕೆ ಮುಂಚೆ ಅದೇ ಕ್ಲಬ್‌ನಲ್ಲಿ ಆಗಿನ ಕೋಚ್ ಆಲ್ಬರ್ಟ್ ರೋಕಾಗೆ ಸಹಾಯಕರಾಗಿದ್ದವರು. ಇದನ್ನು ಹೇಳಿದ ಮೇಲೂ ಒಬ್ಬರು ಒಪ್ಪಲಿಲ್ಲ. ಷಡ್ಡಕನ ಕಡೆಯವರು, ಬಿಡಿ.

ಮೂರನೆಯವರನ್ನೇ ತಗೊಂಡೆವು. ಕಾಗದದಲ್ಲಿ ಎರಡು ಷರತ್ತು ಬರೆದೆವು. ಹನ್ನೊಂದು ಜನರನ್ನು ಆರಿಸೋದು ಅವರೇ, ಕಮಿಟಿಯವರು ಪಂದ್ಯದ ಹಿಂದಿನ ರಾತ್ರಿ ಫೋನ್ ಮಾಡಿ 'ನಮ್ಮ ಹುಡುಗನನ್ನ ಆಡಿಸಿ' ಅನ್ನೋ ಹಾಗಿಲ್ಲ. ಮೊದಲ ಅರ್ಧ ಸೀಸನ್ ಮುಗಿಯುವವರೆಗೆ ಅಂಕಪಟ್ಟಿ ಹಿಡಿದು ಅವರನ್ನು ಪ್ರಶ್ನೆ ಮಾಡೋ ಹಾಗೂ ಇಲ್ಲ. ಎರಡನೇ ಷರತ್ತು ಅವರು ಕೇಳಿದ್ದಲ್ಲ, ನಾನೇ ಹಾಕಿಸಿದ್ದು. ಸಹಿ ಹಾಕುವಾಗ ಖಜಾಂಚಿ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು.