ರಕ್ಷಣಾ ಆಟಗಾರನ ವೃತ್ತಿಜೀವನವನ್ನು ಅಳೆಯುವ ಬಗೆ: ಆರನ್ ಡೊನಾಲ್ಡ್ ನಿದರ್ಶನ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವವರ ಮತ್ತು ಅದನ್ನು ಹಿಡಿದು ಓಡುವವರ ಸಾಧನೆ ಗಜಗಳ ಲೆಕ್ಕದಲ್ಲಿ ಸಿಗುತ್ತದೆ. ಅವರನ್ನು ತಡೆಯುವವರ ಸಾಧನೆ ಅಷ್ಟು ಸುಲಭವಾಗಿ ಅಂಕಿಗೆ ದಕ್ಕುವುದಿಲ್ಲ. ಅಂಥ ಆಟಗಾರರನ್ನು ಅರಿಯಬೇಕೆನ್ನುವವರು, 2014ರಿಂದ 2023ರವರೆಗಿನ ಹತ್ತೂ ಋತುಗಳನ್ನು ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ರ‍್ಯಾಮ್ಸ್ ತಂಡವೊಂದಕ್ಕೇ ಆಡಿದ ಆರನ್ ಡೊನಾಲ್ಡ್ ಅವರಿಂದ ಆರಂಭಿಸಬಹುದು.

ಮೊದಲು ಆಟಗಾರ ನಿಲ್ಲುವ ಜಾಗವನ್ನು ಗುರುತಿಸಿಕೊಳ್ಳಿ. ಡೊನಾಲ್ಡ್ ಡಿಫೆನ್ಸಿವ್ ಟ್ಯಾಕಲ್, ಅಂದರೆ ಸಾಲಿನ ನಡುಭಾಗದಲ್ಲಿ ಎದುರಾಳಿ ಸಾಲಿನ ನಡುವಿನ ಕಾವಲುಗಾರರಾದ ಸೆಂಟರ್ ಮತ್ತು ಗಾರ್ಡ್‌ಗಳಿಗೆ ಮುಖಾಮುಖಿಯಾಗಿ ನಿಲ್ಲುವವರು. ಅಂಚಿನಿಂದ ನುಗ್ಗುವವರಿಗೆ ಸುತ್ತಿ ಬರಲು ಜಾಗವಿರುತ್ತದೆ. ನಡುವೆ ನಿಂತವರಿಗೆ ಅದಿಲ್ಲದಿರುವುದು ಮಾತ್ರವಲ್ಲ, ಅನೇಕ ಸಲ ಇಬ್ಬರು ಒಟ್ಟಾಗಿ ಅವರ ಮೇಲೆ ಬೀಳುತ್ತಾರೆ. ತಂಡದ ಪರವಾಗಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಆಟ ಶುರುವಾದ ಗೆರೆಯ ಹಿಂದೆ ಕೆಡವುವುದಕ್ಕೆ ಸ್ಯಾಕ್ ಎನ್ನುತ್ತಾರೆ; ಇಬ್ಬರು ಸೇರಿ ಕೆಡವಿದರೆ ಒಬ್ಬೊಬ್ಬರಿಗೆ ಅರ್ಧ. 2018ರಲ್ಲಿ ಡೊನಾಲ್ಡ್ ಪಡೆದ 20.5 ಸ್ಯಾಕ್‌ಗಳನ್ನು, ಅಂಚಿನ ಆಟಗಾರನ ಅಷ್ಟೇ ಸ್ಯಾಕ್‌ಗಳೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬಳಿಕ ಬೆಳೆದ ದಾರಿಯನ್ನು ನೋಡಿ. ಪಿಟ್ಸ್‌ಬರ್ಗ್‌ನಲ್ಲಿ 1991ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ, ತಂದೆ ಮನೆಯ ನೆಲಮಾಳಿಗೆಯಲ್ಲಿ ಮಾಡಿದ್ದ ವ್ಯಾಯಾಮಶಾಲೆಯಲ್ಲಿ ನಸುಕಿನಲ್ಲೇ ಭಾರ ಎತ್ತುತ್ತಿದ್ದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪರವಾಗಿ ಆಡಿ 2013ರಲ್ಲಿ ಕಾಲೇಜು ಮಟ್ಟದ ಪ್ರಮುಖ ರಕ್ಷಣಾ ಪ್ರಶಸ್ತಿಗಳನ್ನು ಬಾಚಿಕೊಂಡರೂ, ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನಲ್ಲಿ ಅವರ ಹೆಸರು ಬಂದದ್ದು 13ನೆಯದಾಗಿ. ಸುಮಾರು 6 ಅಡಿ 1 ಅಂಗುಲದ ಎತ್ತರ ಆ ಜಾಗಕ್ಕೆ ಕಡಿಮೆಯಾಯಿತೆಂಬ ಅನುಮಾನವಿತ್ತು. ನನಗನ್ನಿಸುವಂತೆ ಅವರ ಬಲವಿದ್ದದ್ದೇ ಅಲ್ಲಿ: ಎದುರಾಳಿಗಿಂತ ಕೆಳಗಿನಿಂದ ನುಗ್ಗಿ, ಅವನ ಕೈಗಳು ಎದೆಗೆ ತಾಗುವ ಮೊದಲೇ ಅವನ್ನು ಬಡಿದು ಸರಿಸುತ್ತಿದ್ದರು.

ಪ್ರಶಸ್ತಿಗಳ ಪಟ್ಟಿಯನ್ನು ಓದುವಾಗ ಅಂಕಿಯ ಪಕ್ಕದಲ್ಲೇ ಇಟ್ಟು ಓದಬೇಕು. 2017, 2018 ಮತ್ತು 2020ರಲ್ಲಿ ಡೊನಾಲ್ಡ್ ವರ್ಷದ ರಕ್ಷಣಾ ಆಟಗಾರರಾದರು. 2020ರಲ್ಲಿ ಅಂಚಿನಿಂದ ನುಗ್ಗುವ ಟಿ.ಜೆ. ವಾಟ್ 15 ಸ್ಯಾಕ್ ಪಡೆದಿದ್ದರೂ 13.5 ಪಡೆದ ಡೊನಾಲ್ಡ್‌ಗೆ ಪ್ರಶಸ್ತಿ ಸಂದಿತು. ಈ ಬಗ್ಗೆ ತಕರಾರು ಎದ್ದದ್ದು ಸಹಜವೇ.

ಇಷ್ಟಾದ ಮೇಲೆ ಒಂದು ಪಂದ್ಯವನ್ನಾದರೂ ಚೆಂಡಿನ ಬೆನ್ನುಹತ್ತದೆ, ಡೊನಾಲ್ಡ್ ತೊಟ್ಟ 99ನೇ ಸಂಖ್ಯೆಯ ಅಂಗಿಯ ಮೇಲೆ ಕಣ್ಣಿಟ್ಟು ನೋಡಿ. 2022ರ ಫೆಬ್ರವರಿ 13ರಂದು ನಡೆದ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ನ ಕೊನೆಯ ನಿಮಿಷ ಇದಕ್ಕೆ ತಕ್ಕದ್ದು. ರ‍್ಯಾಮ್ಸ್ 23-20ರಿಂದ ಮುಂದಿದೆ, ಸಿನ್ಸಿನಾಟಿ ಬೆಂಗಾಲ್ಸ್‌ಗೆ ಬೇಕಿರುವುದು ಒಂದೇ ಗಜ; ನಾಲ್ಕು ಯತ್ನಗಳಲ್ಲಿ ಹತ್ತು ಗಜ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಮೂರನೇ ಯತ್ನದಲ್ಲಿ ಓಡಿಬಂದ ಸಮಾಜೆ ಪೆರೈನ್ ಅವರನ್ನು ಡೊನಾಲ್ಡ್ ಅಲ್ಲೇ ಹಿಡಿದು ನಿಲ್ಲಿಸುತ್ತಾರೆ. ನಾಲ್ಕನೆಯದರಲ್ಲಿ ಗಾರ್ಡ್‌ನನ್ನು ದಾಟಿ ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋ ಬರೋ ಅವರನ್ನು ಹಿಡಿದು ತಿರುಗಿಸುತ್ತಾರೆ. ಬೀಳುತ್ತಲೇ ಬರೋ ಎಸೆದ ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬೀಳುತ್ತದೆ. ಡೊನಾಲ್ಡ್ ಚಾಂಪಿಯನ್ನರಿಗೆ ಸಿಗುವ ಉಂಗುರ ತೊಡುವ ತಮ್ಮ ಬೆರಳನ್ನು ತೋರಿಸುತ್ತ ಓಡುತ್ತಾರೆ. ಅಂದು ಅವರ ಹೆಸರಿನಲ್ಲಿ ಎರಡು ಸ್ಯಾಕ್‌ಗಳಿದ್ದರೂ, ಪಂದ್ಯವನ್ನು ಮುಗಿಸಿದ ಈ ಹಿಡಿತ ಅವುಗಳಲ್ಲಿ ಸೇರಿಲ್ಲ, ಏಕೆಂದರೆ ಚೆಂಡು ಆಗಲೇ ಕೈಬಿಟ್ಟಿತ್ತು.

ಕೊನೆಯ ವರ್ಷಗಳನ್ನು ಓದುವಾಗ ಗಾಯವನ್ನೂ ಕುಸಿತವನ್ನೂ ಬೇರೆಯಾಗಿ ನೋಡುವುದು ಅಗತ್ಯ. 2022ರಲ್ಲಿ ಪಾದದ ಕೀಲಿನ ಗಾಯದಿಂದಾಗಿ 11 ಪಂದ್ಯಗಳನ್ನಷ್ಟೇ ಆಡಿದ ಡೊನಾಲ್ಡ್, 2023ರಲ್ಲಿ ಮರಳಿ ಬಂದು ಎಂಟನೇ ಬಾರಿಗೆ ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರರ ಗೌರವಪಟ್ಟಿಯಾದ ಪ್ರಥಮ ಆಲ್-ಪ್ರೊ ತಂಡದಲ್ಲಿ ಸ್ಥಾನ ಪಡೆದರು. 2024ರ ಮಾರ್ಚ್‌ನಲ್ಲಿ, 32ನೇ ವಯಸ್ಸಿಗೆ, ಒಟ್ಟು 111 ಸ್ಯಾಕ್‌ಗಳೊಂದಿಗೆ ನಿವೃತ್ತರಾದರು.